ನೊಂದವರಿಗೂ ನೆರವಿಗೂ ನಡುವಣ ದಾರಿ

ಅಪರಾಧವೊಂದು ನಡೆದಾಗ ಸಮಾಜದ ದೃಷ್ಟಿ ಸಹಜವಾಗಿ ಅಪರಾಧಿಯ ಕಡೆಗೆ ಹರಿಯುತ್ತದೆ. ಅವನು ಸಿಕ್ಕಿದನೇ, ಅವನಿಗೆ ಜಾಮೀನು ದೊರೆಯಿತೇ, ನ್ಯಾಯಾಲಯ ಎಷ್ಟು ವರ್ಷ ಶಿಕ್ಷೆ ವಿಧಿಸಿತು ಎಂಬ ಪ್ರಶ್ನೆಗಳು ಊರಿನ ಕಟ್ಟೆಯಿಂದ ಪತ್ರಿಕೆಯ ಪುಟದವರೆಗೆ ಚರ್ಚೆಗೆ ಒಳಗಾಗುತ್ತವೆ. ಪೆಟ್ಟು ತಿಂದವನ ಗಾಯ ಮಾಯಿತೇ, ದುಡಿಮೆ ನಿಂತ ಮನೆಯಲ್ಲಿ ಒಲೆ ಉರಿಯಿತೇ, ಹೆದರಿದ ಮಗು ಮತ್ತೆ ಶಾಲೆಗೆ ಬಂದಿತೇ ಎಂದು ಕೇಳುವವರು ವಿರಳ. ನ್ಯಾಯಾಲಯದ ಕಾಗದಪತ್ರಗಳಲ್ಲಿಯೂ ನೊಂದವನ ಸ್ಥಾನ ಬಹುಕಾಲ ಇಷ್ಟೇ ಆಗಿತ್ತು: ಮೊದಲು ಫಿರ್ಯಾದಿ, ಅನಂತರ ಒಂದನೆಯ ಸಾಕ್ಷಿ, ತೀರ್ಪು ಹೊರಬಿದ್ದ ಮೇಲೆ ಯಾರೂ ಅಲ್ಲ.

ಈ ಸ್ಥಿತಿಗೆ ಕಾರಣವಿಲ್ಲದಿಲ್ಲ. ಅಪರಾಧವು ಒಬ್ಬ ವ್ಯಕ್ತಿಗೆ ಮಾತ್ರವಲ್ಲದೆ ಇಡೀ ಸಮಾಜಕ್ಕೆ ಎಸಗಿದ ದ್ರೋಹವೆಂಬ ತತ್ತ್ವದ ಮೇಲೆ ಆಧುನಿಕ ದಂಡನ್ಯಾಯ ನಿಂತಿದೆ. ಆದುದರಿಂದಲೇ ಮೊಕದ್ದಮೆಯನ್ನು ಸರ್ಕಾರ ನಡೆಸುತ್ತದೆ. ಸೇಡಿಗೆ ಸೇಡು ಎಂಬ ಕಾಡುನ್ಯಾಯಕ್ಕೆ ತೆರೆ ಬಿದ್ದಿದೆ. ಆರೋಪಿಗೆ ಸಂವಿಧಾನದ 20, 21 ಮತ್ತು 22ನೆಯ ವಿಧಿಗಳು ಕೊಟ್ಟಿರುವ ರಕ್ಷಣೆಯನ್ನು ವಿಚಾರವಂತರಾರೂ ಆಕ್ಷೇಪಿಸಲಾರರು. ನಿರಪರಾಧಿಗೆ ಶಿಕ್ಷೆಯಾಗದಂತೆ ಕಾಯುವ ಬೇಲಿ ಅದು. ಆದರೆ ನೊಂದವನ ದೂರನ್ನು ತನ್ನದಾಗಿಸಿಕೊಂಡ ಸರ್ಕಾರ ಅವನ ನೋವನ್ನು ಅವನಲ್ಲಿಯೇ ಬಿಟ್ಟಿತೆಂಬುದೂ ಅಷ್ಟೇ ಸತ್ಯ.

ಈ ಲೋಪ ಲೋಕದ ಗಮನಕ್ಕೆ ಬಂದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಇಂಗ್ಲೆಂಡಿನಲ್ಲಿ ಮಹಿಳಾ ಕಾಲೇಜೊಂದರ ಮುಖ್ಯಸ್ಥೆಯೂ ದಂಡಾಧಿಕಾರಿಣಿಯೂ ಆಗಿದ್ದ ಮಾರ್ಜರಿ ಫ್ರೈ ಅವರು 1950ರ ದಶಕದಲ್ಲಿ, ಹಿಂಸೆಗೆ ತುತ್ತಾದವರ ನಷ್ಟವನ್ನು ಸಮಾಜವೇ ಹಂಚಿಕೊಳ್ಳಬೇಕೆಂದು ವಾದಿಸಿದರು. 1963ರಲ್ಲಿ ನ್ಯೂಜಿಲೆಂಡ್ ಇದಕ್ಕಾಗಿ ಶಾಸನ ಮಾಡಿತು. 1964ರಲ್ಲಿ ಬ್ರಿಟನ್ ಪರಿಹಾರ ಯೋಜನೆಯೊಂದನ್ನು ಜಾರಿಗೆ ತಂದಿತು. 1985ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಹೊರಡಿಸಿದ ಘೋಷಣೆಯು ನೊಂದವರಿಗೆ ಸಲ್ಲಬೇಕಾದ ನಾಲ್ಕು ಸಂಗತಿಗಳನ್ನು ಸ್ಪಷ್ಟಪಡಿಸಿತು: ಗೌರವದಿಂದ ಕೂಡಿದ ನಡವಳಿಕೆ ಮತ್ತು ನ್ಯಾಯದ ಬಾಗಿಲಿಗೆ ಪ್ರವೇಶ, ತಪ್ಪಿತಸ್ಥನಿಂದ ನಷ್ಟಭರ್ತಿ, ಸರ್ಕಾರದಿಂದ ಪರಿಹಾರ, ವೈದ್ಯಕೀಯವೂ ಮಾನಸಿಕವೂ ಸಾಮಾಜಿಕವೂ ಆದ ನೆರವು.

ಭಾರತದಲ್ಲಿ ಈ ವಿಚಾರ ನಿಧಾನವಾಗಿ ಬೇರೂರಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೆಯ ಪ್ರಕರಣವು ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಿತ್ತಾದರೂ, ಅದು ಅಪರಾಧಿಗೆ ಶಿಕ್ಷೆಯಾದ ಮೇಲಿನ ಮಾತು. ಅಪರಾಧಿ ಸಿಕ್ಕದೆ ಹೋದರೆ, ಸಿಕ್ಕಿಯೂ ಬಿಡುಗಡೆಯಾದರೆ, ಶಿಕ್ಷೆಯಾಗಿಯೂ ಅವನ ಕೈ ಬರಿದಾಗಿದ್ದರೆ ನೊಂದವನಿಗೆ ದಕ್ಕುವುದೇನೂ ಇರಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿಯು 2003ರ ತನ್ನ ವರದಿಯಲ್ಲಿ, ನೊಂದವರನ್ನು ಬದಿಗಿಟ್ಟು ದಂಡನ್ಯಾಯದ ಸುಧಾರಣೆ ಸಾಧ್ಯವಿಲ್ಲವೆಂಬುದನ್ನು ಎತ್ತಿ ಹೇಳಿತು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ 357-ಎ ಪ್ರಕರಣವು ಪ್ರತಿಯೊಂದು ರಾಜ್ಯವೂ ಪರಿಹಾರ ಯೋಜನೆಯನ್ನು ರೂಪಿಸಬೇಕೆಂದು ವಿಧಿಸಿತು. ಆರೋಪಿ ಯಾರೆಂದು ತಿಳಿಯದಿದ್ದರೂ ಪರಿಹಾರ ಕೇಳಬಹುದೆಂಬುದು ಅದರ ಹಿರಿಮೆ. ಕರ್ನಾಟಕ ತನ್ನ ಯೋಜನೆಯನ್ನು 2011ರಲ್ಲಿ ಪ್ರಕಟಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಪ್ರಕರಣದಲ್ಲಿ ಈ ಹಕ್ಕು ಮುಂದುವರಿದಿದೆ.

ಇಂದು ದೊರೆಯುವ ನೆರವು ಸಣ್ಣದೇನಲ್ಲ. ಠಾಣೆಯ ಸರಹದ್ದು ಯಾವುದೇ ಇರಲಿ, ಗಂಭೀರ ಅಪರಾಧದ ದೂರನ್ನು ಪೊಲೀಸರು ದಾಖಲಿಸಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ತಿಳಿಸಬೇಕು. ಅತ್ಯಾಚಾರಕ್ಕೂ ಆಮ್ಲದ ದಾಳಿಗೂ ತುತ್ತಾದವರಿಗೆ, ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಮಕ್ಕಳಿಗೆ, ಸರ್ಕಾರಿಯೇ ಆಗಲಿ ಖಾಸಗಿಯೇ ಆಗಲಿ ಆಸ್ಪತ್ರೆಗಳು ಕೂಡಲೇ ಉಚಿತವಾಗಿ ಚಿಕಿತ್ಸೆ ನೀಡಬೇಕು. ನಿರಾಕರಿಸಿದರೆ ಒಂದು ವರ್ಷದವರೆಗೆ ಸೆರೆವಾಸದ ಶಿಕ್ಷೆಯುಂಟು. ಮಹಿಳೆಯರಿಗಾಗಿ 2018ರ ಅಕ್ಟೋಬರ್ 2ರಂದು ಜಾರಿಯಾದ ಯೋಜನೆಯಲ್ಲಿ ಪ್ರಾಣಹಾನಿಗೆ 5ರಿಂದ 10 ಲಕ್ಷ ರೂಪಾಯಿ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಲಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯಗಳಿಗೆ ಪ್ರತ್ಯೇಕ ನಿಯಮಗಳಡಿಯಲ್ಲಿ ಹಂತಹಂತವಾಗಿ ಪರಿಹಾರ ಸಲ್ಲುತ್ತದೆ. 2015ರಿಂದ ಸ್ಥಾಪಿತವಾದ ಸಖಿ ಕೇಂದ್ರಗಳಲ್ಲಿ ಆಶ್ರಯ, ಚಿಕಿತ್ಸೆ, ಕಾನೂನು ಸಲಹೆ, ಆಪ್ತ ಸಮಾಲೋಚನೆಗಳನ್ನು ಒಂದೇ ಕಡೆ ಒದಗಿಸುವ ಏರ್ಪಾಡಿದೆ. ತುರ್ತು ಸಹಾಯಕ್ಕೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100 ಎಂಬ ದೂರವಾಣಿ ಸಂಖ್ಯೆಗಳಿವೆ. ಅಪರಾಧಿ ಬಿಡುಗಡೆಯಾದಾಗ ನೊಂದವನು ವಿಶೇಷ ಅನುಮತಿಯಿಲ್ಲದೆಯೇ ಮೇಲ್ಮನವಿ ಸಲ್ಲಿಸಬಹುದೆಂದು, ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ.

ಇಷ್ಟಿದ್ದೂ ನೆರವು ನೊಂದವರ ಮನೆಬಾಗಿಲಿಗೆ ಬರುತ್ತಿಲ್ಲವೇಕೆ? ಕೂಲಿಯಿಂದಲೇ ಜೀವಿಸುವ ಒಬ್ಬನ ಬಲಗೈಯನ್ನು ಜಗಳದಲ್ಲಿ ಯಾರೋ ಮುರಿದರೆಂದು ಭಾವಿಸೋಣ. ದೂರು ದಾಖಲಾಗುತ್ತದೆ, ಆರೋಪಿಯ ಬಂಧನವೂ ಆಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಎಲ್ಲವೂ ಕ್ರಮಬದ್ಧ. ಆದರೆ ಆಸ್ಪತ್ರೆಗೆ ಹತ್ತು ಬಾರಿ ಹೋಗಿಬರುವ ಬಸ್ಸಿನ ಖರ್ಚು, ತಿಂಗಳುಗಟ್ಟಲೆ ನಿಂತ ಕೂಲಿ, ಕೈಸಾಲದ ಬಡ್ಡಿ, ಸಾಕ್ಷಿ ಹೇಳಲು ಹೋದ ದಿನ ಮುಂದೂಡಿದ ವಾಯಿದೆ, ಇವೆಲ್ಲವನ್ನೂ ಅವನ ಮನೆಯವರೇ ಹೊರಬೇಕು. ಅವನ ಹೆಂಡತಿ ಗಂಡನ ಕೂಲಿಯನ್ನೂ ಸೇರಿಸಿ ದುಡಿಯತೊಡಗುತ್ತಾಳೆ. ಮಗಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ಅಪರಾಧದ ನಿಜವಾದ ಪರಿಣಾಮ ಎಷ್ಟೋ ಸಲ ದಾಖಲಾಗುವುದು ಪೊಲೀಸ್ ಠಾಣೆಯ ದಿನಚರಿಯಲ್ಲಲ್ಲ, ಶಾಲೆಯ ಹಾಜರಿ ಪುಸ್ತಕದಲ್ಲಿ.

ಇಂಥವನಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವೆಗಳ ಪ್ರಾಧಿಕಾರವಿದೆಯೆಂದಾಗಲಿ, ಅಲ್ಲಿ ಪರಿಹಾರಕ್ಕೆ ಅರ್ಜಿ ಕೊಡಬಹುದೆಂದಾಗಲಿ, ವಿಚಾರಣೆ ಎರಡು ತಿಂಗಳೊಳಗೆ ಮುಗಿಯಬೇಕೆಂಬ ನಿಯಮವಿದೆಯೆಂದಾಗಲಿ ಹೇಳಿದವರಾರು? ಆರೋಪಿಗೆ ಶಿಕ್ಷೆಯಾಗುವವರೆಗೂ ಪರಿಹಾರವಿಲ್ಲವೆಂಬ ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲಿಯೂ ಬೇರುಬಿಟ್ಟಿದೆ. ತುರ್ತಿನ ಸಂದರ್ಭದಲ್ಲಿ ಮಧ್ಯಂತರ ಪರಿಹಾರಕ್ಕೂ ಅವಕಾಶವಿದೆಯೆಂಬುದು ಹಲವರಿಗೆ ತಿಳಿಯದು. ಅರ್ಜಿಗೆ ಕಾಲಮಿತಿಯಿದೆಯೆಂಬುದು ತಿಳಿಯುವ ಹೊತ್ತಿಗೆ ಕಾಲವೇ ಮೀರಿರುತ್ತದೆ. ನೆರವು ಇಲ್ಲವೆಂಬುದಕ್ಕಿಂತ ನೆರವಿನವರೆಗೆ ಕೈಹಿಡಿದು ನಡೆಸುವವರು ಇಲ್ಲವೆಂಬುದೇ ಇಂದಿನ ದೊಡ್ಡ ಕೊರತೆ.

ನೋವಿಗೆ ಹಣ ಕೊಡುವುದು ಸರಿಯೇ, ಸುಳ್ಳು ದೂರುಗಳು ಹೆಚ್ಚಲಾರವೇ ಎಂದು ಸಂಶಯಪಡುವವರಿದ್ದಾರೆ. ಪರಿಹಾರವು ನೋವಿನ ಬೆಲೆಯಲ್ಲ. ಬಿದ್ದವನು ಎದ್ದು ನಿಲ್ಲಲು ಕೊಡುವ ಊರುಗೋಲು. ಅರ್ಜಿಯನ್ನು ಪ್ರಾಧಿಕಾರ ವಿಚಾರಣೆ ಮಾಡಿಯೇ ತೀರ್ಮಾನಿಸುವುದರಿಂದ ಸುಳ್ಳಿಗೆ ಕಡಿವಾಣ ಅಲ್ಲಿಯೇ ಇದೆ. ಯಾರೋ ಒಬ್ಬರು ಮೋಸ ಮಾಡಿಯಾರೆಂಬ ಭಯದಿಂದ ನಿಜವಾಗಿ ನೊಂದ ನೂರು ಮಂದಿಗೆ ಬಾಗಿಲು ಮುಚ್ಚುವುದು ವಿವೇಕವೆನಿಸದು.

ಸರ್ಕಾರ ಮಾಡಬೇಕಾದದ್ದು ಎರಡುಂಟು. ಮೊದಲನೆಯದಾಗಿ, ಪ್ರಥಮ ವರ್ತಮಾನ ವರದಿಯ ಪ್ರತಿಯ ಜೊತೆಯಲ್ಲಿಯೇ ನೊಂದವರ ಹಕ್ಕುಗಳನ್ನು ತಿಳಿಗನ್ನಡದಲ್ಲಿ ವಿವರಿಸುವ ಒಂದು ಹಾಳೆಯನ್ನು ಪ್ರತಿ ಠಾಣೆಯೂ ಕೊಡಬೇಕು. ಓದು ಬಾರದವರಿಗೆ ಅದನ್ನು ಓದಿ ಹೇಳಬೇಕು. ಎರಡನೆಯದಾಗಿ, 2018ರ ಮಹಿಳಾ ಯೋಜನೆಯು ಅದರ ವ್ಯಾಪ್ತಿಗೆ ಸೇರಿದ ಅಪರಾಧಗಳ ವರದಿಯ ಪ್ರತಿಯನ್ನು ಪೊಲೀಸರೇ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳುಹಿಸಬೇಕೆಂದು ಕಡ್ಡಾಯಮಾಡಿತು. ಈ ಕ್ರಮವನ್ನು ತೀವ್ರ ಗಾಯವಾದ ಎಲ್ಲ ಪ್ರಕರಣಗಳಿಗೂ ವಿಸ್ತರಿಸುವುದು ಯುಕ್ತ. ಆಗ ನೊಂದವನು ನೆರವನ್ನು ಹುಡುಕಿಕೊಂಡು ಅಲೆಯುವುದು ತಪ್ಪಿ, ನೆರವೇ ಅವನನ್ನು ಹುಡುಕಿಕೊಂಡು ಹೋಗುವಂತಾಗುತ್ತದೆ.

ಆದರೆ ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ಸಮಾಜ ಕೈತೊಳೆದುಕೊಳ್ಳುವಂತಿಲ್ಲ. ವಿದ್ಯಾಸಂಸ್ಥೆಗಳ ಹೊಣೆ ಇಲ್ಲಿ ವಿಶೇಷವಾದದ್ದು. ಮಗುವೊಂದು ತನಗಾದ ಅನ್ಯಾಯವನ್ನು ತಂದೆತಾಯಿಗಳಲ್ಲಿ ಹೇಳಲಾರದೆ ತನ್ನ ಅಧ್ಯಾಪಕರಲ್ಲಿ ಹೇಳಿಕೊಳ್ಳುವ ಸಂದರ್ಭಗಳು ಬರುತ್ತವೆ. ಆಗ ಅಧ್ಯಾಪಕರು ತನಿಖಾಧಿಕಾರಿಯಾಗಬೇಕಿಲ್ಲ; ತಾಳ್ಮೆಯಿಂದ ಕೇಳಿ, ನಂಬಿ, ಮಗುವಿನ ಮಾತನ್ನು ಮಗುವಿನ ಮಾತಿನಲ್ಲಿಯೇ ಬರೆದಿಟ್ಟು, ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಿದರೆ ಸಾಕು. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಹೀಗೆ ತಿಳಿಸುವುದು ಇಚ್ಛೆಗೆ ಬಿಟ್ಟ ವಿಷಯವಲ್ಲ, ಕರ್ತವ್ಯ. ತಿಳಿಸದವರಿಗೆ ಆರು ತಿಂಗಳವರೆಗೆ, ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸಮವಸ್ತ್ರವಿಲ್ಲದ ಅಧಿಕಾರಿ ಮಗುವಿನ ಹೇಳಿಕೆ ಪಡೆಯಬೇಕೆಂದೂ ರಾತ್ರಿ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸಕೂಡದೆಂದೂ ಅದೇ ಕಾಯಿದೆ ಹೇಳುತ್ತದೆ. ತನಿಖೆ ಹಾಗೂ ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರಲು ಬೆಂಬಲ ವ್ಯಕ್ತಿಯೊಬ್ಬರನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸಲು 2020ರ ನಿಯಮಗಳಲ್ಲಿ ಅವಕಾಶವಿದೆ.

ಇಲ್ಲಿ ಒಂದು ಕಹಿಸತ್ಯವನ್ನು ಹೇಳದೆ ವಿಧಿಯಿಲ್ಲ. ಸಂಸ್ಥೆಯ ಮಾನ ಹೋದೀತೆಂಬ ಅಂಜಿಕೆ ಯಾವ ಸಂಸ್ಥೆಯನ್ನೂ ಬಿಟ್ಟಿಲ್ಲ. ಸಂಸ್ಥೆ ಹಳೆಯದಾದಷ್ಟೂ ಹೆಸರುವಾಸಿಯಾದಷ್ಟೂ ಆ ಅಂಜಿಕೆ ಹೆಚ್ಚು. ಮುಚ್ಚಿಟ್ಟ ಅನ್ಯಾಯ ನೊಂದ ಮಗುವಿಗೆ ಎರಡನೆಯ ಪೆಟ್ಟು. ಮೊದಲನೆಯದನ್ನು ಕೊಟ್ಟವನು ಒಬ್ಬ, ಎರಡನೆಯದನ್ನು ಕೊಡುವವರು ಹಲವರು. ಹೊರಗೆ ಗುಟ್ಟಾಗಿರಬೇಕಾದದ್ದು ಮಗುವಿನ ಹೆಸರು ಮಾತ್ರ, ನಡೆದ ಅಪರಾಧವಲ್ಲ. ತನ್ನ ಆವರಣದಲ್ಲಿ ಅತ್ಯಂತ ಕಿರಿಯ ವಿದ್ಯಾರ್ಥಿಯ ದೂರು ಕೂಡ ಕೇಳಲ್ಪಡುತ್ತದೆಂಬ ಭರವಸೆಗಿಂತ ದೊಡ್ಡ ಮಾನ ಶಾಲೆಗೆ ಬೇರೊಂದಿಲ್ಲ.

ಹಿರಿಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಅಧಿಕಾರಿಗಳಿದ್ದಾರೆ, ನಿವೃತ್ತರಾಗಿ ಬಿಡುವಿರುವವರಿದ್ದಾರೆ. ಅರ್ಜಿ ಬರೆದುಕೊಡುವುದು, ವಾಯಿದೆಯ ದಿನ ನ್ಯಾಯಾಲಯದಲ್ಲಿ ಜೊತೆಗೆ ಕುಳಿತುಕೊಳ್ಳುವುದು, ವೈದ್ಯಕೀಯ ಪ್ರಮಾಣಪತ್ರ ಪಡೆಯುವ ಬಗೆ ತಿಳಿಸುವುದು ಇವರಿಗೆ ದೊಡ್ಡ ಮಾತಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳು ಅರೆಕಾನೂನು ಸ್ವಯಂಸೇವಕರನ್ನು ತರಬೇತುಗೊಳಿಸುತ್ತವೆ. ವಕೀಲರಲ್ಲದವರೂ ಆ ಕೆಲಸಕ್ಕೆ ಸೇರಬಹುದು. ತಿಂಗಳಿಗೆ ಒಂದು ದಿನ ಇದಕ್ಕೆ ಮೀಸಲಾದರೆ ಒಂದು ತಾಲ್ಲೂಕಿನಲ್ಲಿ ಎಷ್ಟು ಕುಟುಂಬಗಳು ದಾರಿ ಕಂಡಾವು!

ದಾನಿಗಳಿಗೂ ಇಲ್ಲಿ ಕೆಲಸವಿದೆ. ಕಟ್ಟಡಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ, ಗೋಡೆಯ ಕಲ್ಲಿನಲ್ಲಿ ಹೆಸರೂ ಉಳಿಯುತ್ತದೆ; ಅದು ಉಚಿತವೇ. ಆದರೆ ತಂದೆಯ ಕೈ ಮುರಿದುದಕ್ಕಾಗಿ ಶಾಲೆ ಬಿಡಲಿದ್ದ ಬಾಲಕಿಯೊಬ್ಬಳು ಆ ವರ್ಷ ಪರೀಕ್ಷೆಗೆ ಕುಳಿತುಕೊಳ್ಳುವಂತೆ ಮಾಡಿದ ಹಣಕ್ಕೆ ಕಲ್ಲು ಇರಲಾರದು. ಅವಳ ಹೆಸರನ್ನು ಎಲ್ಲಿಯೂ ಬರೆಯುವಂತಿಲ್ಲವಾದ್ದರಿಂದ ಕೊಟ್ಟವರ ಹೆಸರೂ ಮರೆಯಲ್ಲಿಯೇ ಇರಬೇಕಾಗುತ್ತದೆ. ಸರ್ಕಾರದ ಪರಿಹಾರ ಕೈಸೇರುವವರೆಗಿನ ಆ ಕೆಲವು ತಿಂಗಳುಗಳನ್ನು ದಾಟಿಸಲು ಪ್ರತಿ ಶಾಲೆಯಲ್ಲೂ ಸಣ್ಣದೊಂದು ನಿಧಿ ಇರಬೇಕಾದದ್ದು ಅವಶ್ಯ. ಮುಖ್ಯೋಪಾಧ್ಯಾಯರೂ ಮತ್ತೊಬ್ಬ ಹಿರಿಯರೂ ಮಾತ್ರ ಅದರ ವಿವರ ಬಲ್ಲವರಾಗಿರಲಿ.

ಅಪರಾಧಿಗೆ ಶಿಕ್ಷೆಯಾದ ದಿನ ನ್ಯಾಯ ಮುಗಿಯಿತೆಂದು ಭಾವಿಸುವುದು ರೂಢಿ. ನೊಂದವನು ಮತ್ತೆ ತನ್ನ ಕಸುಬಿಗೆ, ಮಗು ಮತ್ತೆ ತನ್ನ ಬೆಂಚಿಗೆ ಮರಳಿದ ದಿನವೇ ಅದು ಮುಗಿದಂತೆ. ಕಾನೂನು ಅರ್ಧ ದಾರಿಯನ್ನು ನಿರ್ಮಿಸಿದೆ. ಉಳಿದರ್ಧವನ್ನು ನೊಂದವರ ಜೊತೆಯಲ್ಲಿ ನಡೆದು ಮುಗಿಸುವ ಕೆಲಸ ನೆರೆಹೊರೆಯವರದು, ಅಧ್ಯಾಪಕರದು, ಕಲಿತು ಉಂಡು ಸುಖವಾಗಿರುವ ಎಲ್ಲರದು.