ದೇಹದೊಳಗಿನ ಗುರುಕುಲ

ಕನ್ನಡ ಪಂಡಿತನಿಗೆ ಜೀವಶಾಸ್ತ್ರದ ಗೊಡವೆಯೇಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ವಿಜ್ಞಾನದ ಅಧ್ಯಾಪಕರು ಒಂದು ಸಂಜೆ ತಿಳಿಸಿದ ಸಂಗತಿ ನನ್ನ ಇಷ್ಟು ವರ್ಷಗಳ ಅಧ್ಯಾಪನವನ್ನೇ ಪ್ರಶ್ನಿಸಿತು. ಅದನ್ನು ಇಲ್ಲಿ ನಿವೇದಿಸುವುದು ಕರ್ತವ್ಯವೆಂದು ಭಾವಿಸಿದ್ದೇನೆ.

1982-83ರಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನಲ್ಲಿ ಮಂಗನ ಕಾಯಿಲೆ ಹಬ್ಬಿತ್ತು. ಉಣುಗಿನಿಂದ ಹರಡುವ ಆ ವೈರಸ್ಸನ್ನು ಕೊಲ್ಲುವ ಮದ್ದು ಇಂದಿಗೂ ಇಲ್ಲ. ದೇಹದ ಸ್ವಂತ ರಕ್ಷಣೆಯೇ ಗತಿ. ಆ ರಕ್ಷಕರಲ್ಲಿ ‘ಟಿ ಜೀವಕೋಶ’ಗಳೆಂಬ ಬಿಳಿ ರಕ್ತಕಣಗಳು ಪ್ರಮುಖವಾದುವು. ಅವುಗಳ ಮೂಲ ಅಸ್ಥಿಮಜ್ಜೆ. ವಿದ್ಯಾಭ್ಯಾಸವಾದರೋ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಹೆಸರಿನ ‘ಟಿ’ ಅಕ್ಷರವೂ ಆ ಗುರುಕುಲದ್ದೇ. ಬಹುಕಾಲ ಉಪೇಕ್ಷಿತವಾಗಿದ್ದ ಈ ಗ್ರಂಥಿಯ ಮಹತ್ವವನ್ನು ಜಾಕ್ ಮಿಲ್ಲರ್ ಎಂಬ ವಿಜ್ಞಾನಿ 1961ರಲ್ಲಿ ತೋರಿಸಿದರು: ಹುಟ್ಟಿದೊಡನೆ ಅದನ್ನು ಕಳೆದುಕೊಂಡ ಇಲಿಮರಿಗಳು ಸೋಂಕುಗಳಿಗೆ ಸುಲಭವಾಗಿ ತುತ್ತಾದುವು.

ಆ ಗುರುಕುಲದಲ್ಲಿ ಎರಡು ಪರೀಕ್ಷೆಗಳುಂಟು. ಮೊದಲನೆಯದು ಹೊರವಲಯದಲ್ಲಿ: ದೇಹದ ಕೋಶಗಳು ಮೈಮೇಲೆ ಹಿಡಿದು ತೋರಿಸುವ ಗುರುತನ್ನು ಓದಬಲ್ಲುದೇ? ಓದಲಾರದವು ಅಲ್ಲಿಯೇ ಅಳಿಯುತ್ತವೆ. ಎರಡನೆಯದು ಮುಖ್ಯವಾಗಿ ಒಳವಲಯದಲ್ಲಿ: ದೇಹದ ನಾನಾ ಅಂಗಗಳ ಪ್ರೋಟೀನುಗಳ ತುಣುಕುಗಳನ್ನು ಮುಂದೊಡ್ಡಲಾಗುತ್ತದೆ. ಅವನ್ನೇ ಬಲವಾಗಿ ಹಿಡಿಯುವ ಕೋಶ ಮುಂದೆ ಸ್ವಜನರನ್ನೇ ಘಾತಿಸೀತು. ಆದುದರಿಂದ ಅಂಥವು ಬಹುಮಟ್ಟಿಗೆ ನಾಶವಾಗುತ್ತವೆ. ಕೊನೆಗೆ ಹೊರಬರುವವು ನೂರಕ್ಕೆ ಐದರಷ್ಟೂ ಕಷ್ಟ.

ಈ ಲೆಕ್ಕ ಕೇಳಿ ನನಗೆ ಮೊದಲು ಸಮಾಧಾನವೇ ಆಯಿತು. ಹಿಂದೆ ಬೇರೊಂದು ಶಾಲೆಯಲ್ಲಿ, ಶೇಕಡಾ ನೂರು ಫಲಿತಾಂಶದ ಆಸೆಗೆ, ಒಂಬತ್ತನೆಯ ತರಗತಿಯಲ್ಲೇ ಹಿಂದುಳಿದವರನ್ನು ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಪಟ್ಟಿಗೆ ನಾನೂ ಸಹಿ ಹಾಕಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳ ಅನೇಕ ಮಕ್ಕಳ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆ ಕೊಟ್ಟ ನುಡಿ. ಹಳಗನ್ನಡ ಪದ್ಯದ ಮುಂದೆ ತಡವರಿಸಿದವನನ್ನು ದಡ್ಡನೆಂದು ಬಗೆದದ್ದು ನನ್ನ ದೋಷ. ಪ್ರಕೃತಿಯೂ ಹೀಗೆಯೇ ಸೋಸುತ್ತದೆಯಲ್ಲ ಎಂದುಕೊಂಡೆ.

ಆದರೆ ಅಧ್ಯಾಪಕರು ಮಾತು ಮುಗಿಸಿರಲಿಲ್ಲ. ಸ್ವಂತ ದೇಹದ ಗುರುತನ್ನೇ ಬಲವಾಗಿ ಹಿಡಿಯುವ ಕೋಶಗಳಲ್ಲಿ ಕೆಲವು ಅಳಿಯುವುದಿಲ್ಲ. ‘ನಿಯಂತ್ರಕ’ ಕೋಶಗಳಾಗಿ ಹೊರಬಂದು, ಪರೀಕ್ಷೆಯ ಕಣ್ತಪ್ಪಿಸಿ ನುಸುಳಿದ ಕಲಹಪ್ರಿಯರನ್ನು ಅಂಕೆಯಲ್ಲಿಡುತ್ತವೆ. ಇವನ್ನು 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಗುರುತಿಸಿದರು. 2025ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೂ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಂದಿತು. ದೋಷವೆಂದು ತೋರಿದ್ದೇ ಇಲ್ಲಿ ಕಾವಲಾಯಿತು!

ದೇಹ ದಿನವೂ ಅಸಂಖ್ಯ ಕೋಶಗಳನ್ನು ಹುಟ್ಟಿಸಬಲ್ಲುದು; ಬಹುಪಾಲನ್ನು ಕಳೆದುಕೊಂಡರೂ ಅದಕ್ಕೆ ನಷ್ಟವಿಲ್ಲ. ತಾಯಿಗೆ ತನ್ನ ಮಗು ಒಂದೇ. ಇನ್ನೊಂದು ಮಾತು: ಪ್ರಾಯ ಬಂದಂತೆ ಥೈಮಸ್ ಕುಗ್ಗುತ್ತ ಹೋಗುತ್ತದೆ, ಕಲಿಕೆಗೂ ಕಾಲವುಂಟು. ದಾನಿಗಳು ಪ್ರಥಮ ಸ್ಥಾನ ಪಡೆದವರಿಗೆ ದತ್ತಿಬಹುಮಾನ ಇಡುತ್ತ ಬಂದಿದ್ದಾರೆ, ಅದು ಶ್ಲಾಘ್ಯ. ತಡವರಿಸುವವರ ಸಂಜೆ ತರಗತಿಗೂ ಒಂದು ದತ್ತಿ ಇರಲಿ. ಪಾಠ ಹೇಳಲು ನಾನು ಸಿದ್ಧನಿದ್ದೇನೆ. ಹಳೆಯ ಸಹಿಯ ಋಣವನ್ನು ಹಾಗಾದರೂ ತೀರಿಸಬೇಕಾಗಿದೆ.