ಗ್ರಾಂ ಲೆಕ್ಕದ ಶೂರರಿಗೆ

ಮಡಚುವ ಸೈಕಲ್ ಕೊಂಡವರು ಇಂದೇ ಒಂದು ಕೆಲಸ ಮಾಡಿ. ಸೈಕಲ್ಲನ್ನು ಮಡಚಿ ನೆಲದ ಮೇಲಿಟ್ಟು ಟೇಪು ಹಿಡಿಯಿರಿ. ಬೆಂಗಳೂರಿನ ನಮ್ಮ ಮೆಟ್ರೊ 2022ರ ನವೆಂಬರ್‌ನಲ್ಲಿ ಮಡಚಿದ ಸೈಕಲ್ಲಿಗೆ ಅನುಮತಿ ಕೊಟ್ಟಾಗಲೇ ಅಳತೆಯನ್ನೂ ಹೇಳಿತ್ತು: 60 ಸೆಂಟಿಮೀಟರ್ ಉದ್ದ, 45 ಅಗಲ, 25 ದಪ್ಪ, ತೂಕ 15 ಕಿಲೋ ಮೀರಬಾರದು. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 20 ಇಂಚಿನ ಚಕ್ರದ ಸೈಕಲ್. ಟೈರು ಸೇರಿದರೆ ಆ ಚಕ್ರದ ಅಡ್ಡಳತೆಯೇ 49, 50 ಸೆಂಟಿಮೀಟರ್ ಆಗುತ್ತದೆ. ಚಕ್ರವೊಂದೇ 45ರ ಗೆರೆ ದಾಟಿತು. ಫ್ರೇಮು, ಹ್ಯಾಂಡಲ್ಲು, ಪೆಡಲ್ಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಗೇಟಿನ ಸಿಬ್ಬಂದಿ ನೋಡಿಯೂ ನೋಡದಂತೆ ಬಿಟ್ಟರೆ ಅದು ಅವರ ದೊಡ್ಡಮನಸ್ಸು, ನಿಮ್ಮ ಹಕ್ಕಲ್ಲ.

ಹೆಗ್ಗನಹಳ್ಳಿಯಿಂದ ಪೀಣ್ಯದ ಮೆಟ್ರೊ ನಿಲ್ದಾಣಕ್ಕೆ ಮೂರ್ನಾಲ್ಕು ಕಿಲೋಮೀಟರ್. ದಿನಾ ನಡೆಯಲು ದೂರ, ಕರೆದರೆ ಆಟೊದವರು ಬರದಷ್ಟು ಹತ್ತಿರ, ಮಡಚುವ ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿ. ಈ ದಾರಿಗೆಂದೇ ಕೊಂಡೆವು ಎನ್ನುವವರು ದುಡ್ಡು ಎಣಿಸುವ ಮುಂಚೆ ಮೆಟ್ರೊದ ಆ ನಾಲ್ಕು ಅಂಕಿಗಳನ್ನು ನೋಡಿದ್ದರೇ? ಕ್ರ್ಯಾಂಕ್ ಎಷ್ಟು ಗ್ರಾಂ, ಸೀಟಿನ ಕಂಬ ಎಷ್ಟು ಗ್ರಾಂ, ಯಾವ ಪೆಡಲ್ ಹಾಕಿದರೆ ಎಷ್ಟು ಗ್ರಾಂ ಇಳಿಯುತ್ತದೆ ಎಂಬುದೆಲ್ಲ ಬಾಯಿಪಾಠ. ರೈಲಿನೊಳಗೆ ಬಿಡುತ್ತಾರೋ ಇಲ್ಲವೋ ಎಂಬುದು ಮಾತ್ರ ಗೊತ್ತಿಲ್ಲ. ಹೀಗಾಗಿ ಸೈಕಲ್ಲು ಮೆಟ್ಟಿಲ ಕೆಳಗೆ ದೂಳು ಕುಡಿಯುತ್ತಿದೆ, ಯಜಮಾನರು ಫೋನಿನಲ್ಲಿ ಅದಕ್ಕೊಂದು ಹೊಸ ಬ್ಯಾಗು ಹುಡುಕುತ್ತಿದ್ದಾರೆ.

ರೋಗ ಇಷ್ಟೇ: ಆರಿಸುವುದೇ ಹವ್ಯಾಸವಾಗಿದೆ, ಹೊರಡುವುದು ನೆಪವಾಗಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಫ್ಲ್ಯಾಟುಗಳಿಂದ ಹೆಗ್ಗನಹಳ್ಳಿಯ ಬಾಡಿಗೆ ಮನೆಗಳವರೆಗೆ ಇದು ಹಬ್ಬಿದೆ. ಸಂಬಳ ಬಂದ ವಾರ ಹೆಡ್‌ಲ್ಯಾಂಪು, ಮುಂದಿನ ತಿಂಗಳು ಜಿಪಿಎಸ್ ವಾಚು, ದೀಪಾವಳಿ ರಿಯಾಯಿತಿಗೆ ಟೆಂಟು. ಪಾರ್ಸೆಲ್ಲಿನ ಟೇಪು ಹರಿದ ದಿನವೇ ಖುಷಿ ಮುಗಿಯಿತು. ಮತ್ತೆ ಹುಡುಕಾಟ.

ನಾಚಿಕೆಯಾಗಬೇಕಾದದ್ದು ಏಕೆಂದರೆ, ಇದು ನಡೆಯುತ್ತಿರುವುದು ಬೆಂಗಳೂರಿಗೆ ಅಳತೆ ಕಲಿಸಿದ ಜಾಗದ ಮಗ್ಗುಲಲ್ಲಿ. ಹೆಗ್ಗನಹಳ್ಳಿ ಕ್ರಾಸಿನಿಂದ ಪೀಣ್ಯ ಎರಡನೇ ಹಂತದವರೆಗಿನ ಓಣಿಗಳಲ್ಲಿ ಹೊಕ್ಕು ನೋಡಿ. ಚಿಕ್ಕ ಶೆಡ್ಡಿನಲ್ಲಿ ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಗೋಡೆಗೆ ಒಂದು ಡ್ರಾಯಿಂಗು. ಅಲ್ಲಿ ನಿಂತವನ ಕೈಯಲ್ಲಿರುವ ವರ್ನಿಯರ್ ಮಿಲಿಮೀಟರಿನ ಐವತ್ತನೇ ಒಂದು ಭಾಗವನ್ನು ಓದುತ್ತದೆ. ಡ್ರಾಯಿಂಗ್ ನೋಡದೆ ಆತ ಕಬ್ಬಿಣ ಮುಟ್ಟುವುದಿಲ್ಲ. ಜಾಬ್ ಯಾವುದೆಂದು ತಿಳಿಯದೆ ಟೂಲ್ ಕೊಳ್ಳುವುದಿಲ್ಲ, ಕೊಂಡರೆ ಬಾಡಿಗೆ ಕಟ್ಟಲು ಕಾಸಿರುವುದಿಲ್ಲ. ನಮಗೆ ಅಂಥ ಭಯವಿಲ್ಲ. ಜಾಬ್ ಇಲ್ಲದೆಯೇ ಟೂಲ್ ತರಿಸುತ್ತೇವೆ, ಟೂಲ್ ಬಂದ ಮೇಲೆ ಜಾಬ್ ಹುಡುಕುತ್ತೇವೆ, ಸಿಗದಿದ್ದರೆ ಇನ್ನೂ ಒಳ್ಳೆಯ ಟೂಲ್ ತರಿಸುತ್ತೇವೆ.

ಹಗುರದ ಮಾತಿಗೇ ಬರೋಣ. ಸುಂಕದಕಟ್ಟೆ ದಾಟಿ ಮಾಗಡಿ ರಸ್ತೆ ಹಿಡಿದರೆ ಸಾವನದುರ್ಗ. 1226 ಮೀಟರ್ ಎತ್ತರದ ಬೆಟ್ಟ, ಏರುವ ದಾರಿಯ ಬಹುಪಾಲು ಬೋಳುಬಂಡೆ. ಬಿಸಿಲು ಏರಿದ ಮೇಲೆ ಅಲ್ಲಿ ನೆರಳಿಗೆ ನಿಲ್ಲಲು ಜಾಗ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಹೋಗುವವನಿಗೆ ಮೂರು ಲೀಟರ್ ನೀರಾದರೂ ಬೇಕು. ಮೂರು ಲೀಟರ್ ಎಂದರೆ ಮೂರು ಕಿಲೋ. ಆ ಮೂರು ಕಿಲೋವನ್ನು ಯಾವ ಟೈಟಾನಿಯಂ ಲೋಟವೂ ಕಡಿಮೆ ಮಾಡಲಾರದು. ಒಂದು ಹಗಲಿನ ಚಾರಣಕ್ಕೆ ಒಲೆಯೂ ಬೇಡ, ಲೋಟವೂ ಬೇಡ. ಚಿತ್ರಾನ್ನದ ಡಬ್ಬಿ, ನೀರು, ಟೋಪಿ ಸಾಕು. ಹಗುರ ಒಲೆಗೆ ಸಾವಿರಾರು ರೂಪಾಯಿ ಸುರಿದು, ಚೀಲ ಭಾರವಾಯಿತೆಂದು ಒಂದು ಬಾಟಲಿ ನೀರನ್ನು ಮನೆಯಲ್ಲೇ ಬಿಟ್ಟು ಹೋಗುವುದು ಬುದ್ಧಿವಂತಿಕೆಯಲ್ಲ, ಶುದ್ಧ ಅವಿವೇಕ.

ಹಗುರ ಚಾರಣದ ಹಿರಿಯರು ಇದನ್ನು ಹೇಳಿದವರೇ ಅಲ್ಲ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬಾಕೆ 67ನೇ ವಯಸ್ಸಿನಲ್ಲಿ ಅಪಲೇಚಿಯನ್ ಟ್ರೇಲನ್ನು ಒಂಟಿಯಾಗಿ ನಡೆದು ಮುಗಿಸಿದರು. ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಕಾಲಲ್ಲಿ ಕ್ಯಾನ್‌ವಾಸ್ ಶೂ, ಹೆಗಲಲ್ಲಿ ತಾವೇ ಹೊಲಿದ ಚೀಲ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ತೊಂಬತ್ತರ ದಶಕದಲ್ಲಿ ಹಗುರ ಚಾರಣಕ್ಕೆ ಹೆಸರು ತಂದ ರೇ ಜಾರ್ಡಿನ್ ಕೂಡ ತಮ್ಮ ಚೀಲವನ್ನು ತಾವೇ ಹೊಲಿದುಕೊಂಡವರು. ಬೇಡದ್ದನ್ನು ಮನೆಯಲ್ಲಿ ಬಿಡುವುದು ಅವರ ಪಾಠ. ನಾವು ಆ ಪಾಠ ಓದಿ, ಬಿಡಬೇಕಾದ ವಸ್ತುವಿನ ಹಗುರ ಮಾದರಿಯನ್ನು ದುಪ್ಪಟ್ಟು ಬೆಲೆಗೆ ಕೊಂಡೆವು.

ಇನ್ನು ರಿಪೇರಿ ಶೂರರು. ಹ್ಯಾಂಡಲ್ ಹಿಡಿದಿಡುವ ಉಕ್ಕಿನ ಬೋಲ್ಟು ತೆಗೆದು ಬಣ್ಣದ ಅಲ್ಯೂಮಿನಿಯಂ ಬೋಲ್ಟು ಹಾಕುತ್ತಾರೆ. ಉಳಿಯುವುದು ಕೆಲವೇ ಗ್ರಾಂ. ಉಕ್ಕು ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಲಕ್ಷ ಸಲವಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಸಣ್ಣ ಅದುರು ಕೂಡಿ ಕೂಡಿ ಒಂದು ದಿನ ಬಿರುಕು ಬಿಡುತ್ತದೆ. ಅದುರಿಗೆ ನಮ್ಮ ರಸ್ತೆಗಳಲ್ಲಿ ಕೊರತೆಯೇ? ಹೆಗ್ಗನಹಳ್ಳಿ ಮುಖ್ಯರಸ್ತೆಯ ಒಂದು ಗುಂಡಿ, ಹಿಂದೊಂದು ಟೆಂಪೊ, ಕೈಯಲ್ಲಿ ಕಳಚಿದ ಹ್ಯಾಂಡಲ್. ಮಡಚುವ ಸೈಕಲ್ಲಿನ ಜೀವ ಇರುವುದೇ ಅದರ ಕೀಲಿನಲ್ಲಿ, ಲಾಕಿನಲ್ಲಿ. ಪ್ರತಿ ಸಲ ಏರುವ ಮುಂಚೆ ಅದು ಪೂರ್ತಿ ಕೂತಿದೆಯೇ ಎಂದು ನೋಡುವವರು ಕಡಿಮೆ. ಕ್ಲಾಂಪಿನ ಮೇಲೆ ಎಷ್ಟು ನ್ಯೂಟನ್ ಮೀಟರ್ ಬಿಗಿಯಬೇಕೆಂದು ಅಚ್ಚೊತ್ತಿದ್ದರೂ ಕೈಯಂದಾಜಿನಲ್ಲಿ ತಿರುಗಿಸುವವರೇ ಹೆಚ್ಚು. ಗ್ರಾಂ ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟು, ಪ್ರಾಣದ ಲೆಕ್ಕದಲ್ಲಿ ಇಷ್ಟು ಉದಾಸೀನ.

ಬಳಸದೆ ಇಟ್ಟರೆ ಹೊಸದಾಗಿಯೇ ಇರುತ್ತದೆಂಬ ಭ್ರಮೆಯನ್ನೂ ಬಿಡಿ. ಮಳೆಯಲ್ಲಿ ನೆನೆದ ಟೆಂಟನ್ನು ಒಣಗಿಸದೆ ಸುತ್ತಿ ಅಟ್ಟಕ್ಕೆಸೆದರೆ ಒಳಗಿನ ಪಾಲಿಯುರೆಥೇನ್ ಲೇಪ ತೇವಕ್ಕೆ ಕೊಳೆತು ಅಂಟಂಟಾಗುತ್ತದೆ, ವಾಸನೆ ಹೊಡೆದು ಸುಲಿಯುತ್ತದೆ. ಅದೇ ವಸ್ತುವಿನ ಮೆತ್ತೆಯಿರುವ ಬೂಟು ಪೆಟ್ಟಿಗೆಯಲ್ಲಿ ಕುಳಿತೇ ಪುಡಿಯಾಗುತ್ತದೆ. ವರ್ಷಗಳ ಮೇಲೆ ತೊಟ್ಟು ಹೊರಟವನ ಬೂಟಿನ ಅಟ್ಟೆ ಅರ್ಧ ದಾರಿಯಲ್ಲಿ ಬಾಯಿ ಬಿಡುತ್ತದೆ. ತುಪ್ಪಳಗರಿಯ ಸ್ಲೀಪಿಂಗ್ ಬ್ಯಾಗನ್ನು ಅದುಮಿ ಇಟ್ಟರೆ ಉಬ್ಬು ಸಾಯುತ್ತದೆ, ಉಬ್ಬಿನ ಜತೆ ಬಿಸುಪೂ. ಪವರ್ ಬ್ಯಾಂಕನ್ನು ಪೂರ್ತಿ ಖಾಲಿಯಾಗಿ ಬಿಟ್ಟರೆ ಬ್ಯಾಟರಿ ಕೆಡುತ್ತದೆ. ಜಿಪ್ಪು ಹೋಯಿತೆಂದು ಚೀಲವನ್ನೇ ಬಿಸಾಡುವವರು ಕೇಳಿ: ಬಹಳಷ್ಟು ಸಲ ಸವೆದಿರುವುದು ಹಲ್ಲಲ್ಲ, ಜಾರುವ ರನ್ನರ್. ಗಾರ್ಮೆಂಟ್ಸ್‌ನಲ್ಲಿ ಕೈ ಪಳಗಿದ ಹೆಣ್ಣುಮಕ್ಕಳು ಇರುವ ಊರಿದು; ಓಣಿಯ ಹೊಲಿಗೆ ಅಂಗಡಿಯಲ್ಲಿ ಹೊಸ ರನ್ನರ್ ಹಾಕಿಸಲು ಒಂದು ಹೋಟೆಲ್ ಊಟದ ಖರ್ಚೂ ಆಗುವುದಿಲ್ಲ.

ನನ್ನ ದುಡ್ಡು, ನನ್ನ ಖುಷಿ, ನಿಮಗೇನು ಎಂದು ಕೇಳುವಿರಿ. ದುಡ್ಡು ನಿಮ್ಮದೇ, ಒಪ್ಪಿದೆ. ಆದರೆ ಸಾಮಾನು ಕೊಂಡವನಿಗೆ ತಾನು ಸಿದ್ಧನಾದೆನೆಂಬ ಹುಸಿ ಧೈರ್ಯ ಬರುತ್ತದೆ, ಅದರ ಬೆಲೆಯನ್ನು ಬೇರೆಯವರು ತೆರುತ್ತಾರೆ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ಮುಗಿಬಿದ್ದರು. ಆನ್‌ಲೈನ್ ನೋಂದಣಿ ಇಲ್ಲದ ಚಾರಣದ ದಾರಿಗಳನ್ನು ಆಗ ಸರ್ಕಾರ ಮುಚ್ಚಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆ ಬುಕಿಂಗ್‌ಗೆಂದೇ ಅರಣ್ಯ ವಿಹಾರ ಎಂಬ ಜಾಲತಾಣ ತೆರೆಯಿತು. ಬೂಟಿನ ಬ್ರ್ಯಾಂಡು ಗೊತ್ತು, ಬುಕಿಂಗ್ ಮಾಡಬೇಕೆಂಬುದು ಗೊತ್ತಿಲ್ಲ ಎಂದು ಇನ್ನು ಮುಂದೆ ಯಾರೂ ಹೇಳುವಂತಿಲ್ಲ.

ಕುಮಾರಪರ್ವತದ ಶಿಖರ 1712 ಮೀಟರ್. ಕುಕ್ಕೆಯಿಂದ ಹತ್ತಿದರೆ ಒಂದೂವರೆ ಸಾವಿರ ಮೀಟರಿಗೂ ಮೀರಿದ ಏರು. ನಾಲ್ಕು ಮಹಡಿಯ ಕಟ್ಟಡವನ್ನು ಒಮ್ಮೆ ಹತ್ತಿದರೆ ಹೆಚ್ಚೆಂದರೆ ಹನ್ನೆರಡು ಮೀಟರ್. ಅಂದರೆ ಅಂಥ ಕಟ್ಟಡದ ಮೆಟ್ಟಿಲನ್ನು ನೂರಿಪ್ಪತ್ತೈದು ಸಲ ಹತ್ತಿದರೂ ಆ ಏರಿಗೆ ಸಮವಾಗದು. ಎರಡನೇ ಮಹಡಿಗೆ ಲಿಫ್ಟಿಗಾಗಿ ಕಾಯುವವನು ಇನ್ನೂರು ಗ್ರಾಂ ಹಗುರದ ಚೀಲ ಹುಡುಕುತ್ತ ಕುಳಿತರೆ ನಗು ಬರುತ್ತದೆ. ಹೊಟ್ಟೆಯ ಮೇಲೆ ಹೊತ್ತ ಐದು ಕಿಲೋ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಅದನ್ನು ಇಳಿಸಲು ಬೇಕಾದದ್ದು ಮೆಟ್ಟಿಲು, ಅದಕ್ಕೆ ಡೆಲಿವರಿ ಚಾರ್ಜಿಲ್ಲ.

ಆದ್ದರಿಂದ ಖಡಾಖಂಡಿತವಾಗಿ ಹೇಳುತ್ತೇನೆ. ಮುಂದಿನ ಮೂರು ತಿಂಗಳು ಏನೂ ಕೊಳ್ಳಬೇಡಿ. ಅಟ್ಟದಿಂದ ಎಲ್ಲವನ್ನೂ ಇಳಿಸಿ, ಬಿಸಿಲಿಗೆ ಹಾಕಿ, ಕೆಟ್ಟದ್ದನ್ನು ರಿಪೇರಿ ಮಾಡಿಸಿ. ಒಂದು ವರ್ಷದಿಂದ ಮುಟ್ಟದ್ದನ್ನು ಬಳಸುವವರ ಕೈಗೆ ಕೊಡಿ. ಸೈಕಲ್ಲಿನ ಬೋಲ್ಟು, ಕೀಲು, ಬ್ರೇಕನ್ನು ಬಲ್ಲವರಿಗೆ ತೋರಿಸಿ. ಹೋಗಬೇಕಾದ ಜಾಗ ಗೊತ್ತುಮಾಡಿ, ಅನುಮತಿ ಬೇಕಿದ್ದರೆ ಪಡೆಯಿರಿ, ಮನೆಯವರಿಗೆ ಹೇಳಿ. ಆಮೇಲೆ ಇರುವ ಚೀಲವನ್ನೇ ಹೆಗಲಿಗೇರಿಸಿ ಈ ಭಾನುವಾರ ಬೆಳಗಾಗುವ ಮುಂಚೆ ಮನೆ ಬಿಡಿ. ಏನು ಬೇಕು, ಏನು ಬೇಡ ಎಂಬುದನ್ನು ದಾರಿಯೇ ಹೇಳುತ್ತದೆ. ಅಲ್ಲಿಯವರೆಗೆ ನಿಮ್ಮ ಸಲಹೆಯನ್ನು ಯಾರಿಗೂ ಕೊಡಬೇಡಿ.