ಗುಳ್ಳೆಯ ರುಚಿ ಬಲ್ಲವರೇ, ಬೆವರಿನ ರುಚಿ ಬಲ್ಲಿರಾ?

ಫ್ರಾನ್ಸ್ ದೇಶದ ಈಶಾನ್ಯಕ್ಕೆ ಶಾಂಪೇನ್ ಎಂಬ ಸೀಮೆಯಿದೆ. ಅಲ್ಲಿನ ಸುಣ್ಣಮಣ್ಣಿನ ದಿಬ್ಬಗಳಲ್ಲಿ ಬೆಳೆದ ದ್ರಾಕ್ಷಿಯ ಮದ್ಯಕ್ಕೂ ಅದೇ ಹೆಸರು. ರಸಿಕ ಮಹಾಶಯರು ಅದನ್ನು ಸುಮ್ಮನೆ ಕುಡಿಯುವುದಿಲ್ಲ. ಗ್ಲಾಸನ್ನು ಬೆಳಕಿಗೆ ಎತ್ತಿ ಗುಳ್ಳೆ ಸಣ್ಣದೋ ದಪ್ಪದೋ ನೋಡುತ್ತಾರೆ. ಮೂಗಿಗೆ ಹಿಡಿದು ಸೇಬು, ನಿಂಬೆ, ಬಿಸಿ ಬ್ರೆಡ್ಡು ಎಂದು ಪರಿಮಳಗಳ ಪಟ್ಟಿ ಒಪ್ಪಿಸುತ್ತಾರೆ. ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಸುಣ್ಣಮಣ್ಣಿನ ಗುಣ ನಾಲಗೆಗೆ ತಿಳಿಯಿತೆಂದು ಸಾರುತ್ತಾರೆ. ಮಣ್ಣನ್ನು ಗುರುತಿಸುವ ಈ ನಾಲಗೆಗೆ ಆ ಮಣ್ಣಿನ ಮೇಲೆ ಬೆನ್ನು ಬಗ್ಗಿಸಿದ ಮನುಷ್ಯ ಮಾತ್ರ ಏಕೆ ತಿಳಿಯುವುದಿಲ್ಲ?

ಇದು ಪಾನನಿರೋಧದ ಭಾಷಣವಲ್ಲ. ಆ ಮದ್ಯದಲ್ಲಿ ಕಸುಬಿದೆ. ಕಸುಬಿಗೆ ನಾವು ಕೈಮುಗಿಯುತ್ತೇವೆ. ಬಾಟಲಿಯೊಳಗೇ ಅದು ಎರಡನೆಯ ಬಾರಿ ಹುದುಗಬೇಕು. ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿರಬೇಕು. ಅದರಲ್ಲಿ 12 ತಿಂಗಳು ಹುದುಗಿನ ಮಡ್ಡಿಯೊಡನೆ. ಬ್ರೆಡ್ಡಿನ ಪರಿಮಳ ಹುಟ್ಟುವುದು ಆ ಮಡ್ಡಿಯಿಂದಲೇ. 4,000 ಕಿಲೋ ದ್ರಾಕ್ಷಿಯಿಂದ 2,550 ಲೀಟರಿಗಿಂತ ಹೆಚ್ಚು ರಸ ಹಿಂಡಕೂಡದು. ಒಂದು ಬಾಟಲಿಗೆ ಸುಮಾರು 1.2 ಕಿಲೋ ಹಣ್ಣು ಬೇಕಾಯಿತು. ಹಣ್ಣನ್ನು ಯಂತ್ರದಿಂದ ಕೊಯ್ಯಕೂಡದು. ಗೊಂಚಲು ಗೊಂಚಲಾಗಿ ಕೈಯಿಂದಲೇ ಕೊಯ್ಯಬೇಕು. ಎಲ್ಲಕ್ಕೂ ನಿಯಮ, ಎಲ್ಲಕ್ಕೂ ಲೆಕ್ಕ!

ಆ ಕೈ ಯಾರದು? ಸುಮಾರು 34,000 ಹೆಕ್ಟೇರಿನ ತೋಟಗಳಲ್ಲಿ ಸುಗ್ಗಿ ಕೆಲವೇ ವಾರಗಳಲ್ಲಿ ಮುಗಿಯಬೇಕು. ಅದಕ್ಕೆ ವರ್ಷವರ್ಷವೂ ಲಕ್ಷಕ್ಕೂ ಮಿಕ್ಕಿ ಕೂಲಿಗಳು ಬೇಕು. ಅವರಲ್ಲಿ ಬಹಳ ಮಂದಿಯನ್ನು ಒದಗಿಸುವವನು ಗುತ್ತಿಗೆದಾರ. ಗಿರಣಿಯ ಬಾಗಿಲಲ್ಲಿ ಗುತ್ತಿಗೆದಾರನ ಮುಖ ಕಂಡವರಿಗೆ ಮುಂದಿನ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

2023ರ ಸೆಪ್ಟೆಂಬರಿನ ಸುಗ್ಗಿ ಉರಿಬಿಸಿಲಿನಲ್ಲಿ ನಡೆಯಿತು. ಆ ಒಂದು ಸುಗ್ಗಿಯಲ್ಲಿ ಸತ್ತ ಕೂಲಿಗಳು ನಾಲ್ವರಿಗೆ ಕಡಮೆಯಿಲ್ಲ. ಅದೇ ತಿಂಗಳು ನೆಲ್-ಲೆ-ರೆಪೋಂ ಎಂಬ ಹಳ್ಳಿಯ ಒಂದು ಮನೆಗೆ ಕಾರ್ಮಿಕ ಇಲಾಖೆಯ ತನಿಖೆಗಾರರು ಹೋದರು. ನೆಲದ ಮೇಲೆ ಹಾಸಿಗೆ, ಕಾಲಿಡಲಾಗದ ಕಕ್ಕಸು, ತಿನ್ನಲಾಗದ ಅನ್ನ! ಅಲ್ಲಿದ್ದವರು ಮಾಲಿ, ಮಾರಿಟೇನಿಯಾ, ಸೆನೆಗಲ್, ಐವರಿ ಕೋಸ್ಟ್ ಮುಂತಾದ ಆಫ್ರಿಕಾ ದೇಶಗಳ ಬಡವರು. ಹೆಚ್ಚಿನವರಿಗೆ ಕಾಗದಪತ್ರವೂ ಇಲ್ಲ. ಕಾಗದವಿಲ್ಲದವನು ಪೋಲೀಸರ ಬಳಿ ಹೋಗಲಾರನೆಂದು ಗುತ್ತಿಗೆದಾರನಿಗೆ ಚೆನ್ನಾಗಿ ಗೊತ್ತು. 2025ರ ಜುಲೈನಲ್ಲಿ ಶಾಲೋನ್ ನಗರದ ನ್ಯಾಯಾಲಯ ಇದನ್ನು ಮಾನವ ಸಾಗಾಣಿಕೆಯೆಂದೇ ಕರೆದು, ಕೂಲಿ ಒದಗಿಸಿದ ಕಂಪೆನಿಯ ಒಡತಿಗೆ ಸೆರೆವಾಸ ವಿಧಿಸಿತು. ನೊಂದವರೆಂದು ಮೊಕದ್ದಮೆಯಲ್ಲಿ ಬಂದವರು 50ಕ್ಕೂ ಹೆಚ್ಚು ಮಂದಿ.

ಈ ನಡುವೆ ಸರಕಾರವೇನು ಮಾಡಿತು? ಕೂಲಿಗಳು ಸತ್ತ ಮರುವರ್ಷ, 2024ರ ಜುಲೈನಲ್ಲಿ, ಹೊಸ ಆಜ್ಞೆಯೊಂದನ್ನು ಹೊರಡಿಸಿತು. ಹೆಸರುವಾಸಿ ಸೀಮೆಗಳಲ್ಲಿ ಕೈಕೊಯ್ಲು ನಡೆಯುವಾಗ, 30 ದಿನಗಳಲ್ಲಿ ಒಮ್ಮೆ ವಾರದ ರಜೆಯನ್ನು ತಡೆಹಿಡಿಯಬಹುದಂತೆ! ಗಾಯಕ್ಕೆ ಮುಲಾಮು ಕೇಳಿದರೆ ಉಪ್ಪು ಸವರಿದರು. ಅದೇ ವರ್ಷ ಆ ಸೀಮೆಯಿಂದ ಮಾರಾಟವಾದ ಬಾಟಲಿಗಳು 27 ಕೋಟಿ.

“ಸವಿಯುವ ಹೊತ್ತಿನಲ್ಲಿ ರಾಜಕೀಯವೇಕೆ?” ಎಂದು ರಸಿಕರು ಮೂಗು ಮುರಿಯುತ್ತಾರೆ. ಮಹಾಶಯರೇ, ನೀವು ಸವಿಯುವ ಆ ಹೆಸರೇ ಬೀದಿಯ ಹೋರಾಟದಿಂದ ಗಟ್ಟಿಯಾದದ್ದು. 1910ರಲ್ಲಿ ಬೆಳೆ ನೆಲಕಚ್ಚಿತು. ದೊಡ್ಡ ವರ್ತಕರು ಹೊರಸೀಮೆಯ ಅಗ್ಗದ ಸರಕು ತಂದು ಶಾಂಪೇನ್ ಎಂದು ಮಾರಿದರು. ಸಣ್ಣ ಬೆಳೆಗಾರ ಬೀದಿಗೆ ಬಿದ್ದ. 1911ರ ಜನವರಿಯಲ್ಲಿ ರೈತರು ಆ ಸರಕನ್ನು ತಡೆದು ಮಾರ್ನ್ ನದಿಗೆ ಸುರಿದರು. ಏಪ್ರಿಲಿನಲ್ಲಿ ಆಯ್ ಎಂಬ ಊರಿನಲ್ಲಿ ವರ್ತಕರ ಕೋಠಿಗಳು ಉರಿದವು, ಸೈನ್ಯ ಬಂತು. ಸೀಮೆಯ ಗಡಿಯನ್ನು ಕಾನೂನು ಕೊನೆಗೂ ಇತ್ಯರ್ಥಮಾಡಿದ್ದು 1927ರಲ್ಲಿ. ದೊಡ್ಡ ಕೋಠಿ ಸಣ್ಣ ಅಂಗಡಿಯನ್ನು ನುಂಗುವ ಬಗೆಯನ್ನು ಬಲ್ಲ ನಮ್ಮ ವ್ಯಾಪಾರಿ ಬಂಧುಗಳಿಗೆ ಆ ಸಿಟ್ಟು ಅರ್ಥವಾಗುತ್ತದೆ.

ಹಾಗೆ ಗೆದ್ದ ಬೆಳೆಗಾರನಿಗೇ ಇಂದು ನಾವು ಕೇಳುತ್ತೇವೆ: ನಿನ್ನ ಹೆಸರಿಗೆ ಕಾವಲು ಬೇಕೆಂದು ಕಾದಾಡಿದೆ, ನಿನ್ನ ತೋಟದ ಕೂಲಿಗೆ ಕಾವಲು ಬೇಡವೇ? “ಗುತ್ತಿಗೆದಾರನ ತಪ್ಪಿಗೆ ನಾವೇಕೆ ಹೊಣೆ?” ಎಂಬ ಮಾತು ನಿಲ್ಲದು. ಹಣ್ಣಿನ ತೂಕ ನೋಡುವಿರಿ, ಸಿಹಿ ಅಳೆಯುವಿರಿ, ಕೊಳೆತ ಗೊಂಚಲನ್ನು ಹಿಂದಕ್ಕೆ ತಳ್ಳುವಿರಿ. ಹಣ್ಣನ್ನು ಇಷ್ಟು ಪರೀಕ್ಷಿಸುವವರಿಗೆ ಹಣ್ಣು ಕೊಯ್ದವನು ರಾತ್ರಿ ಎಲ್ಲಿ ಮಲಗಿದನೆಂದು ವಿಚಾರಿಸುವುದು ಕಷ್ಟವೇ?

ಆದುದರಿಂದ ನ್ಯಾಯವಾದ ಬೇಡಿಕೆ ಇಷ್ಟು. ಕೂಲಿಯ ವಸತಿ, ಊಟ, ನೆರಳು, ವಾರದ ರಜೆ ಇವೆಲ್ಲವೂ ಆ ನಿಯಮ ಪುಸ್ತಕದೊಳಗೇ ಸೇರಲಿ. ಗುತ್ತಿಗೆದಾರನ ಜೊತೆಗೆ ಅವನನ್ನು ಕರೆಸಿದ ತೋಟದವನೂ ಹಣ್ಣು ಕೊಂಡ ಕೋಠಿಯೂ ಹೊಣೆಯಾಗಲಿ. ಮನುಷ್ಯನನ್ನು ದನದಂತೆ ದುಡಿಸಿ ಕೊಯ್ಯಿಸಿದ ದ್ರಾಕ್ಷಿಗೆ ಶಾಂಪೇನ್ ಎಂಬ ಹೆಸರು ಸಲ್ಲಕೂಡದು. ಹೊರಸೀಮೆಯ ಹಣ್ಣು ಬೆರೆತರೆ ಹೆಸರು ಕೆಡುತ್ತದೆ ಎನ್ನುವ ಕಾನೂನಿಗೆ, ಮನುಷ್ಯನ ನೆತ್ತರು ಬೆರೆತರೂ ಕೆಡುತ್ತದೆ ಎನ್ನುವ ಧೈರ್ಯ ಬರಲಿ. ಆ ಧೈರ್ಯ ತಾನಾಗಿ ಬಾರದು. 1911ರಲ್ಲಿ ಬೆಳೆಗಾರರು ತಂದಂತೆ ದುಡಿಯುವವರೇ ಸಂಘ ಕಟ್ಟಿ ಅದನ್ನು ತರಬೇಕು.